ಏಳನೆಯ ಮಂಚ, ದಿನ ತುಂಬಿ ಹತ್ತು ದಿನ

ಇದಾಹೊ ಸೀಮೆಯ ಗುಡಿಂಗ್ ಊರು, ಮಾರ್ಚಿ ತಿಂಗಳು, ರಾತ್ರಿ ಪಾಳಿ.
ಕಿಟಕಿಯಾಚೆ ಹೊಲದಲ್ಲಿ ಹಿಮ ಅರ್ಧ ಕರಗಿ
ಅರ್ಧ ಉಳಿದಿದೆ, ಹಾಸಿ ಮರೆತ ಬಟ್ಟೆಯ ಹಾಗೆ.
ಏಳನೆಯ ಮಂಚದ ಓಯಾನಾಗೆ
ಬೇನೆಯ ಸುಳಿವಿಲ್ಲ.

ಅವಳಜ್ಜ ಕೆಪಾ, ಬಾಸ್ಕ್ ನಾಡಿನಿಂದ ಹಡಗು ಹತ್ತಿ ಬಂದ ಕುರಿಗಾಹಿ,
ಟೋಪಿಯನ್ನು ಮೊಣಕಾಲಿಗೆ ತೊಡಿಸಿ ಕೂತಿದ್ದಾನೆ.
ಮಾತಾಡುವವನಲ್ಲ. ಇವತ್ತು ಮಾತಾಡಿದ:

“ಐವತ್ಮೂರನೇ ಇಸವಿ. ಮೇಲಿನ ಹುಲ್ಲುಗಾವಲು.
ತೊರೆಯಂಚಿಗೆ ಜೋಳದೆಲೆಯಂಥ ಎಲೆಯ ಗಿಡ.
ಒಂದು ಕುರಿ ಅದನ್ನ ತಿಂತು.
ಚಳಿಗಾಲಕ್ಕೆ ಎಲ್ಲ ಈದವು. ಅದು ಈಯಲಿಲ್ಲ.
ಐದು ತಿಂಗಳಾಯ್ತು, ಆರಾಯ್ತು, ಏಳು ನಡೀತಿತ್ತು,
ಹೊಟ್ಟೆ ನೆಲ ಸವರ್ತಿತ್ತು…”

“ಆಮೇಲೆ, ಐತಿತ?”

“ಆಮೇಲೆ?” ಎಂದು ನನ್ನತ್ತ ತಿರುಗಿದ:
“ಇಲ್ಲಿ ಕಾಫಿ ಎಲ್ಲಿ ಸಿಗುತ್ತೆ?”

ಆಮೇಲಿನದು ನನಗೆ ಗೊತ್ತು. ನಾನೂ ಕುರಿ ಸಾಕಿದವರ ಮಗಳು.
ಹೊಟ್ಟೆ ಕೊಯ್ದರು. ಮರಿಗೆ ಹಣೆಯ ನಡುವೆ ಒಂದೇ ಕಣ್ಣು.
ಮಿದುಳಿನ ಬುಡದಲ್ಲಿ ನೇತಾಡಬೇಕಿದ್ದ
ಕಾಳಿನಷ್ಟು ಗ್ರಂಥಿ, ಅದು ಇರಲೇ ಇಲ್ಲ.
ಆ ಕಾಳಿಲ್ಲದೆ ಕಾರ್ಟಿಸಾಲ್ ಇಲ್ಲ, ಕಾರ್ಟಿಸಾಲ್ ಇಲ್ಲದೆ
ಮರಿಗೆ ಹೇಳಲು ಬರಲಿಲ್ಲ
ನನ್ನದು ಮುಗಿಯಿತು ತಾಯೀ, ಬಾಗಿಲು ತೆಗೆ ಎಂದು.
ಕುರಿ ಕಾಯುತ್ತಲೇ ಇತ್ತು.
ಹೇಳದಿದ್ದರೆ ಅದಕ್ಕೇನು ಗೊತ್ತು?

ಮನುಷ್ಯರಲ್ಲಿ ಇಷ್ಟು ನೇರವಿಲ್ಲ, ಓಯಾನಾ.
ಒಂಬತ್ತು ತಿಂಗಳು ‘ಶ್, ಮಲಗು’ ಎಂದು
ಗರ್ಭಕೋಶದ ಬೆನ್ನು ತಟ್ಟಿದ ಪ್ರೊಜೆಸ್ಟರಾನ್
ಕೊನೆಯ ದಿನವೂ ರಕ್ತದ ತುಂಬ ಇರುತ್ತದೆ.
ದನಿ ತಗ್ಗುವುದಿಲ್ಲ, ಕೇಳುವ ಕಿವಿ ಮಂದವಾಗುತ್ತದೆ,
ನನ್ನ ಹದಿನಾರರ ಮಗಳಿಗೆ ನನ್ನ ಬುದ್ಧಿಮಾತಿನ ಹಾಗೆ.
ಮಾಸು ತನ್ನದೇ ಗಡಿಯಾರಕ್ಕೆ ಕೀಲಿ ಕೊಟ್ಟುಕೊಂಡು
ವಾರದಿಂದ ವಾರಕ್ಕೆ ಜೋರಾಗಿ ಬಡಿಯುತ್ತದೆ.
ಕೂಸಿನ ಮೂತ್ರಪಿಂಡದ ಮೇಲೆ ಕೂತ ಪುಟ್ಟ ಕುಲಾವಿ
ಕಚ್ಚಾ ಸಾಮಾನು ಕಳಿಸುತ್ತದೆ; ಮಾಸು ಅದನ್ನು
ಅರೆದು ತಿರುವಿ ಈಸ್ಟ್ರೋಜೆನ್ ಮಾಡುತ್ತದೆ.
ಗರ್ಭದ ಬಾಯಿ ಹಣ್ಣಾಗುತ್ತದೆ, ಒಳಗಿನ ಸ್ನಾಯುವಿನ ತುಂಬ
ಆಕ್ಸಿಟೋಸಿನ್ನಿನ ಬೀಗದಕೈಗೆ ತೂತುಗಳು ಮೂಡುತ್ತವೆ.
ಯಾರು ಮೊದಲು ಮಾತಾಡಿದ್ದು, ಕೂಸೋ, ಮಾಸೋ, ತಾಯಿಯೋ?
ಬಲ್ಲವರನ್ನು ಕೇಳಿದರೆ
ಬಲ್ಲವರು ಕೆಮ್ಮುತ್ತಾರೆ.

ಇದ್ಯಾವುದನ್ನೂ ಹೇಳಲಿಲ್ಲ. ದಿಂಬು ತಿರುಗಿಸಿ
ತಣ್ಣನೆಯ ಮಗ್ಗುಲು ಮೇಲೆ ಮಾಡಿದೆ.

ಬೆಳಗಿನ ಆರಕ್ಕೆ ಡ್ರಿಪ್ ಎಂದು ಚೀಟಿಯಲ್ಲಿತ್ತು.
ಬಾಟಲಿ ತೂಗುಹಾಕಿದ್ದೆ, ಕೊಳವೆಯ ತಿರುಪು ಬಿಗಿದಿತ್ತು.
ಮೂರೂ ನಲವತ್ತಕ್ಕೆ ಗಂಟೆ ಒತ್ತಿದಳು.
“ಸೊಂಟ” ಎಂದಳು. ಅಷ್ಟೇ.
ಕೈಯಿಟ್ಟೆ. ಹೊಟ್ಟೆ ನನ್ನ ಕೈಯಡಿ ಕಲ್ಲಾಯಿತು,
ಮತ್ತೆ ಹೊಟ್ಟೆಯಾಯಿತು. ಗೋಡೆ ಗಡಿಯಾರ ನೋಡಿದೆ.
ಒಂಬತ್ತು ನಿಮಿಷಕ್ಕೆ ಮತ್ತೆ ಕಲ್ಲು.

ಹೊರಗೆ ಬೆಂಚಿನ ಮೇಲೆ ಕೆಪಾ.
“ಔಷಧಿ ಬಿಟ್ಟಿರಾ?”
“ಇನ್ನೂ ಇಲ್ಲ.”
ಅವನು ಆ ಮಾತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡ,
ಹಲ್ಲಿಲ್ಲದವನು ರೊಟ್ಟಿಯ ಅಂಚನ್ನು ಇಟ್ಟುಕೊಳ್ಳುವಂತೆ.

ಏಳಕ್ಕೇ ಪಾಳಿ ಮುಗಿದಿತ್ತು, ನಾನು ಮನೆಗೆ ಹೋಗಲಿಲ್ಲ.
ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಿಲು ತೆರೆದು ಬಂದೆ,
ಮೊಣಕೈವರೆಗೆ ಒದ್ದೆ.

ಗಂಡೋ ಹೆಣ್ಣೋ ಕೇಳಲಿಲ್ಲ ಅವನು. ಎಷ್ಟು ತೂಕ ಎಂದೂ ಇಲ್ಲ.
“ಕಣ್ಣು?” ಎಂದ.
“ಎರಡು” ಎಂದೆ.

ಟೋಪಿ ಮೊಣಕಾಲಿನಿಂದ ತಲೆಗೆ ಹೋಯಿತು.